ಎರಡು ಸಾವಿರ ಸಲ ಸತ್ತಿದ್ದೀನಿ

ಹೋದ ವರ್ಷ ಆಷಾಢದಲ್ಲಿ ಕೆಲಸ ಕಳ್ಕೊಂಡು ಬೆಂಗಳೂರಿನಿಂದ ಮೈಸೂರಿಗೆ, ಕುವೆಂಪುನಗರದ ನಮ್ಮನೆಗೆ ವಾಪಸ್ ಬಂದೆ. ಅಮ್ಮ ಅವತ್ತೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದು, ಕಾಲಿಗೆ ಎಣ್ಣೆ ಹಚ್ಚಿಕೊಳ್ತಾ ಕೂತಿದ್ದಳು. "ಮೊದಲು ಊಟ ಮಾಡು" ಅಂದಳು. ಬೇರೇನೂ ಕೇಳಲಿಲ್ಲ.

ಆಮೇಲೆ ನಾಲ್ಕು ತಿಂಗಳಲ್ಲಿ 11 ಇಂಟರ್‌ವ್ಯೂ. ಒಂದೊಂದಕ್ಕೂ ಮೂರು ನಾಲ್ಕು ರೌಂಡ್, ಎರಡು ವಾರ ಕಾಯೋದು, ಕೊನೆಗೆ ಒಂದೇ ನಮೂನೆಯ ಮೇಲ್. ಎಲ್ಲಿ ಎಡವಿದೆ ಅಂತ ಯಾರೂ ಹೇಳಲ್ಲ. ಒಂದು ಮೇಲ್ ಬಂದರೆ ಮೂರು ದಿನ ಲ್ಯಾಪ್‌ಟಾಪ್ ತೆಗೆಯೋಕೇ ಮನಸ್ಸಾಗ್ತಿರಲಿಲ್ಲ.

ಅಂಥ ಒಂದು ದಿನ ಕಾಲೇಜು ಗೆಳೆಯ ತನ್ನ ಹಳೇ ಕಂಟ್ರೋಲರ್ ತಂದುಕೊಟ್ಟು, "ಸೆಲೆಸ್ಟ್ ಆಡು ಮಗಾ" ಅಂದ.

ಸೆಲೆಸ್ಟ್ ಒಂದು ಪ್ಲಾಟ್‌ಫಾರ್ಮರ್ ಆಟ. ಗೊತ್ತಿಲ್ಲದವರು ಟಿವಿಗೆ ಸಿಕ್ಕಿಸಿ ಆಡ್ತಿದ್ದ ಮಾರಿಯೋ, ಸ್ಕೂಲ್ ಕಂಪ್ಯೂಟರ್ ಲ್ಯಾಬಲ್ಲಿ ಮಿಸ್ ಆಚೆ ಹೋದ ತಕ್ಷಣ ಓಪನ್ ಮಾಡ್ತಿದ್ದ ಡೇಂಜರಸ್ ಡೇವ್ ನೆನಪಿಸಿಕೊಳ್ಳಿ. ಓಡು, ಜಿಗಿ, ಬೀಳಬೇಡ. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಅನ್ನೋ ಇಬ್ಬರು 2015ರಲ್ಲಿ ನಾಲ್ಕೇ ದಿನದಲ್ಲಿ ಮಾಡಿದ ಪುಟ್ಟ ಆಟ ಬೆಳೆದು, 2018ರ ಜನವರಿಯಲ್ಲಿ ಪೂರ್ತಿ ಆಟವಾಗಿ ಬಂತು. ಮ್ಯಾಡಲಿನ್ ಅನ್ನೋ ಹುಡುಗಿ ಒಂದು ಬೆಟ್ಟ ಹತ್ತಬೇಕು, ಅಷ್ಟೇ ಕಥೆ. ಮನಸ್ಸು ಸರಿಯಿಲ್ಲದ ಹುಡುಗಿ. ದಾರಿಯಲ್ಲಿ ಅವಳಿಗೆ ಎದೆ ಬಿಗಿದು ಉಸಿರು ಕಟ್ಟಿದಂತಾಗುವ ಒಂದು ದೃಶ್ಯ ಇದೆ. ಆಗ ನಾನು ರಾತ್ರಿ ಎರಡು ಗಂಟೆಗೆ ಒಬ್ಬನೇ ಕೂತಿದ್ದೆ. ಅದರ ಬಗ್ಗೆ ಇಷ್ಟು ಸಾಕು.

ಕಲಿಯೋದು ಮೂರೇ ವಿದ್ಯೆ: ಜಿಗಿಯೋದು, ಗೋಡೆ ಹಿಡಿಯೋದು, ಗಾಳಿಯಲ್ಲಿ ಒಂದು ಸಲ ರೊಯ್ಯನೆ ನುಗ್ಗೋದು. ನುಗ್ಗಿದ ಮೇಲೆ ಅವಳ ಕೆಂಪು ಕೂದಲು ನೀಲಿಯಾಗುತ್ತೆ. ನೆಲ ಮುಟ್ಟೋವರೆಗೂ ಇನ್ನೊಂದು ಸಲ ನುಗ್ಗೋ ಹಾಗಿಲ್ಲ. ಸುತ್ತ ಮುಳ್ಳೋ ಮುಳ್ಳು. ಸ್ವಲ್ಪ ತಾಗಿದರೂ ಸತ್ತಳು. ಆದರೆ ನೀವು "ಅಯ್ಯೋ" ಅನ್ನೋದರೊಳಗೆ ಅದೇ ಸ್ಕ್ರೀನಿನ ಶುರುವಿನಲ್ಲಿ ಮತ್ತೆ ನಿಂತಿರ್ತಾಳೆ. ಡೇವ್‌ಗೆ ಇದ್ದ ಹಾಗೆ ಎಣಿಸಿಟ್ಟ ಪ್ರಾಣಗಳಿಲ್ಲ, ಗೇಮ್ ಓವರ್ ಅನ್ನೋದೇ ಇಲ್ಲ. ಎಷ್ಟು ಸಲ ಸತ್ತಿರಿ ಅಂತ ಲೆಕ್ಕ ಮಾತ್ರ ಇಡುತ್ತೆ. ಶಿಖರ ಮುಟ್ಟಿದಾಗ ನನ್ನ ಲೆಕ್ಕ 2,317.

ಎಂಜಿನಿಯರಿಂಗಲ್ಲಿ ನನಗೆ ಎಂ-ತ್ರೀ ಎರಡು ಸಲ ಬ್ಯಾಕ್ ಬಿತ್ತು. ಪ್ರತಿ ಸಲಕ್ಕೂ ಆರು ತಿಂಗಳು, ಪರೀಕ್ಷೆ ಫೀಸು, ಮದುವೆ ಮನೆಗಳಲ್ಲಿ ಅಪ್ಪ ಮಾತು ತಿರುಗಿಸೋದು. ಸೋಲಿಗೆ ಅಷ್ಟು ಬೆಲೆ ಕೊಟ್ಟು ಬೆಳೆದವನಿಗೆ, ಒಂದು ಸೆಕೆಂಡಿನ ಸೋಲು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಈ ಆಟದ ವೇಗದಿಂದ ಆದ ಉಪಕಾರ ಇದೇ. ಬೇಜಾರು ಮಾಡ್ಕೊಳ್ಳೋಕೆ ಟೈಮೇ ಕೊಡಲ್ಲ.

ಕೋಡ್ ಬರೆಯೋನಾಗಿ ಇನ್ನೊಂದು ಹೇಳಬೇಕು. ಈ ಆಟ ಕಟುಕನ ಥರ ಕಂಡರೂ ಒಳಗೆ ಕರುಣೆ ಇದೆ. ಅಂಚಿನಿಂದ ಕಾಲು ಜಾರಿದ ಮೇಲೂ ಒಂದೆರಡು ಕ್ಷಣ ಜಿಗಿಯೋಕೆ ಅವಕಾಶ ಕೊಡುತ್ತೆ. ನೆಲ ಮುಟ್ಟೋಕೆ ಕೊಂಚ ಮುಂಚೆ ಬಟನ್ ಒತ್ತಿದರೂ ಅದನ್ನು ನೆನಪಿಟ್ಟುಕೊಂಡು ಜಿಗಿಸುತ್ತೆ. ಆಡುವವರಿಗೆ ಇದು ಕಾಣಲ್ಲ. ನಮ್ಮ ಕೈಯೇ ಚುರುಕಾಯ್ತು ಅಂದ್ಕೋತೀವಿ. ನನ್ನ ಇಂಟರ್‌ವ್ಯೂ ಮಾಡಿದವರಲ್ಲಿ ಒಬ್ಬರಿಗಾದರೂ ಈ ಗುಣ ಇದ್ದಿದ್ದರೆ ಅನ್ನಿಸಿದ್ದುಂಟು.

ಹಾಗಾದರೆ ಇದು ಯಾರಿಗೆ ಇಷ್ಟವಾಗುತ್ತೆ? ಕೈ ಚುರುಕಿರೋ ಹುಡುಗರಿಗೆ ಅಂದ್ಕೊಂಡಿದ್ದೆ. ದಸರಾ ರಜಕ್ಕೆ ಚಿಕ್ಕಮ್ಮನ ಮಗಳು ಬಂದಾಗ ಕಂಟ್ರೋಲರ್ ಕೊಟ್ಟೆ. ಫಸ್ಟ್ ಪಿಯು, ಎಸ್ಸೆಸ್ಸೆಲ್ಸಿಯಲ್ಲಿ ಶೇ. 98, ಬೆರಳು ನನಗಿಂತ ಎಷ್ಟೋ ಫಾಸ್ಟು. ಇಪ್ಪತ್ತು ನಿಮಿಷ ಆಡಿದಳು. ಲೆಕ್ಕ ನಲವತ್ತು ದಾಟಿದ್ದು ನೋಡಿ ಕಂಟ್ರೋಲರ್ ಮೆತ್ತಗೆ ಕೆಳಗಿಟ್ಟಳು. "ಅಣ್ಣಾ, ಇದು ನಂಗೆ ಬರಲ್ಲ." ಬೇಜಾರಾಯ್ತು ಅನ್ನಲಿಲ್ಲ, ಬರಲ್ಲ ಅಂದಳು. ಪ್ರತಿ ಭಾನುವಾರ ಟೆಸ್ಟು, ಸಂಜೆಗೆ ಅವರಪ್ಪನ ಮೊಬೈಲಿಗೆ ರ‍್ಯಾಂಕು. ಆ ಮುಖ ನನಗೆ ಗೊತ್ತಿತ್ತು. ಎಂ-ತ್ರೀ ರಿಸಲ್ಟಿನ ದಿನ ಕನ್ನಡಿಯಲ್ಲಿ ನೋಡಿದ್ದೆ.

ದಿನವಿಡೀ ಕೆಲಸ ಮಾಡಿ ಸುಮ್ಮನೆ ಹಗುರಾಗಬೇಕು ಅನ್ನೋರಿಗೂ ಇದು ಬೇಡ. ಮಣಿಕಟ್ಟು ನೋವಿದ್ದವರಂತೂ ದೂರ ಇರಿ.

ಇಷ್ಟಪಟ್ಟಿದ್ದು ಅಮ್ಮ. ನಾನು ಆಡುವಾಗ ಹುರುಳಿಕಾಯಿ ಬಿಡಿಸ್ತಾ ನೋಡ್ತಿದ್ದವಳು ಒಂದು ಸಂಜೆ, "ಅಲ್ಲಿ ತಡವಾಗಿ ಹಾರ್ತೀಯ ಕಣೋ" ಅಂದಳು. ನಿಜವಾಗಿತ್ತು. 48ನೇ ವಯಸ್ಸಿನಲ್ಲಿ ಮೈದಾನದಲ್ಲಿ ಬಿದ್ದು ಬಿದ್ದು ಸ್ಕೂಟರ್ ಕಲಿತವಳು, ರಂಗೋಲಿ ಸೊಟ್ಟಗಾದರೆ ನೀರು ಚಿಮುಕಿಸಿ ಮತ್ತೆ ಚುಕ್ಕಿ ಇಡುವವಳು. ಆಟದಲ್ಲಿ ಅಸಿಸ್ಟ್ ಮೋಡ್ ಅಂತ ಇದೆ. ವೇಗವನ್ನು ಅರ್ಧಕ್ಕೂ ಇಳಿಸಬಹುದು. ಅವಳಿಗೆ ಶೇ. 70ಕ್ಕೆ ಇಟ್ಟುಕೊಟ್ಟೆ. ಅಪ್ಪ ಪೇಪರಿನಿಂದ ತಲೆಯೆತ್ತಿ "ಅದು ಮೋಸ ಅಲ್ವೇನೋ?" ಅಂದರು. ಅಮ್ಮ ಬಿಡಲಿಲ್ಲ. "ನೀವು ಬೆಟ್ಟಕ್ಕೆ ಬಸ್ಸಲ್ಲಿ ಹೋಗಲ್ವಾ? ತಾಯಿ ದರ್ಶನ ಕೊಡಲ್ಲ ಅಂದ್ಲಾ?"

ಮೊದಲ ಅಧ್ಯಾಯ ಮುಗಿಸೋಕೆ ಅಮ್ಮನಿಗೆ ಐದು ವಾರ ಹಿಡಿಯಿತು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಧಾರಾವಾಹಿಯ ಟೈಮಲ್ಲಿ. ಮ್ಯಾಡಲಿನ್ ಬೆಂಕಿ ಹಾಕಿಕೊಂಡು ಮಲಗಿದಾಗ "ಪಾಪ, ಸುಸ್ತಾಗಿದೆ ಮಗೂಗೆ" ಅಂತ ಟಿವಿ ಆರಿಸಿದಳು.

ನನಗೆ ಡಿಸೆಂಬರ್‌ನಲ್ಲಿ ಕೆಲಸ ಸಿಕ್ಕಿತು. ಆಟದಿಂದ ಸಿಕ್ಕಿತು ಅಂತ ಸುಳ್ಳು ಹೇಳಲ್ಲ. ಹದಿನಾಲ್ಕನೇ ಇಂಟರ್‌ವ್ಯೂ ಅದು. ಮೇಲ್ ಬಂದ ದಿನವೇ ಮುಂದಿನ ಅರ್ಜಿ ಹಾಕೋಕೆ ಶುರು ಮಾಡಿದ್ದೆ ಅನ್ನೋದಷ್ಟೇ ನಿಜ.

ಸಂಕ್ರಾಂತಿ ಸಂಜೆ ಚಿಕ್ಕಮ್ಮನ ಮಗಳು ರೇಷ್ಮೆ ಲಂಗ ಹಾಕ್ಕೊಂಡು ಎಳ್ಳು ಬೀರೋಕೆ ಬಂದಳು. ಅಮ್ಮ ಎರಡನೇ ಅಧ್ಯಾಯದಲ್ಲಿ ಒಂದೇ ಗೋಡೆಗೆ ಒದ್ದಾಡ್ತಿದ್ದಳು.

"ದೊಡ್ಡಮ್ಮಾ, ಇದುವರೆಗೂ ಎಷ್ಟು ಸಲ ಸತ್ರಿ?"

"611" ಅಂದಳು ಅಮ್ಮ, ಹಪ್ಪಳದ ಲೆಕ್ಕ ಒಪ್ಪಿಸುವ ಹಾಗೆ.

ಹುಡುಗಿ ಒಂದು ನಿಮಿಷ ನಿಂತು ನೋಡಿದಳು. ಆಮೇಲೆ ಲಂಗ ಮಡಚಿಕೊಂಡು ನೆಲದ ಮೇಲೆ ಕೂತು, "ಕೊಡಿ ಇಲ್ಲಿ, ನಾನೊಂದ್ಸಲ ನೋಡ್ತೀನಿ" ಅಂದಳು. ಎಳ್ಳು-ಬೆಲ್ಲದ ತಟ್ಟೆ ಸೋಫಾ ಮೇಲೆ ಉಳಿಯಿತು. ಬೀರೋದಕ್ಕೆ ಇನ್ನೂ ಆರು ಮನೆ ಬಾಕಿ ಇತ್ತು.