ಗುಜರಿಯಿಂದ ಎದ್ದ ಬಂಡಿ

ಹಳೆಯ ವಸ್ತುವನ್ನು ಕಂಡೊಡನೆ ಅದರ ತೂಕವನ್ನು ಅಂದಾಜು ಮಾಡುವವರು ಕೆಲವರು. ಅದರಿಂದ ಇನ್ನೇನು ಆದೀತೆಂದು ಯೋಚಿಸುವವರು ಮತ್ತೆ ಕೆಲವರು. ಗುಜರಿಯ ವ್ಯಾಪಾರಿ ಮೊದಲನೆಯ ಪಂಗಡದವನು. ಅದು ಅವನ ವೃತ್ತಿ, ಅದಕ್ಕಾಗಿ ಅವನನ್ನು ಆಕ್ಷೇಪಿಸಬೇಕಾದುದಿಲ್ಲ. ನಾವು ಹುಟ್ಟಿನಿಂದಲೇ ಎರಡನೆಯ ಪಂಗಡಕ್ಕೆ ಸೇರಿದವರು. ನಮ್ಮ ಮನೆಯ ಅಟ್ಟ, ಕೊಟ್ಟಿಗೆ, ಹಿತ್ತಲುಗಳೇ ಇದಕ್ಕೆ ಸಾಕ್ಷಿ.

ನಮ್ಮ ಊರು ಇಟಿಕ್ಯಾಲ. ಕೃಷ್ಣೆ ತುಂಗಭದ್ರೆಗಳೆರಡರ ನಡುವೆ ಸಿಕ್ಕಿಕೊಂಡಿರುವ ನಡಿಗಡ್ಡೆಯ ನೆಲ. ಗದ್ವಾಲ, ಆಲಂಪುರ ತಾಲೂಕುಗಳು ಒಂದು ಕಾಲಕ್ಕೆ ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ರಾಜ್ಯಗಳನ್ನು ಬಿಚ್ಚಿ ಮರುಜೋಡಣೆ ಮಾಡಿದಾಗ ರಾಯಚೂರು ಮೈಸೂರಿಗೆ ಹೋಯಿತು. ಈ ಎರಡು ತಾಲೂಕುಗಳನ್ನು ಮಾತ್ರ ಕಳಚಿ ಆಂಧ್ರಪ್ರದೇಶದ ಮಹಬೂಬನಗರಕ್ಕೆ ಜೋಡಿಸಿದರು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಳಾಂಬಾ ಗದ್ವಾಲ ಎಂಬ ಹೊಸ ಜಿಲ್ಲೆಯಾಯಿತು. ಒಂದು ಬಂಡಿಯ ಬಿಡಿಭಾಗ ಇನ್ನೊಂದು ಬಂಡಿಗೆ ಹೊಂದಿಕೊಂಡು ಓಡಬಲ್ಲದು ಎಂಬ ತತ್ತ್ವವನ್ನು ನಮ್ಮ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ.

ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಒಂದು ಜೀಪು ನಿಂತಿತ್ತು. ಅದು ನಮ್ಮ ಭಾವನವರದು. ಅವರು ಅದರಲ್ಲಿ ಊರೂರಿಗೆ ಜನರನ್ನು ಸಾಗಿಸಿ ಸಂಸಾರ ನಡೆಸಿದವರು. ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚಿಗೆಂದು ಅದರ ಇಂಜಿನ್ನನ್ನು ಮಾರಿದರು. ಆಮೇಲೆ ಅವರೂ ಉಳಿಯಲಿಲ್ಲ. ಅಕ್ಕ ಮಗನನ್ನು ಕರೆದುಕೊಂಡು ತವರಿಗೆ ಬಂದಾಗ, ಇಂಜಿನ್ನಿಲ್ಲದ ಆ ಜೀಪೂ ಟ್ರಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದು ಬೇವಿನ ನೆರಳು ಸೇರಿತು. ಒಂಬತ್ತು ವರ್ಷ ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟವು.

ಒಂದು ಬೇಸಗೆಯಲ್ಲಿ ಗುಜರಿಯವನು ಬಂದು ಕಿಲೋಗೆ 28 ರೂಪಾಯಿ ಎಂದ. ಅಕ್ಕ ಒಪ್ಪಿದಳು. ಒಪ್ಪದವನು ಅಳಿಯ. ಇಂಟರ್ ಪರೀಕ್ಷೆಯಲ್ಲಿ ಎರಡು ವಿಷಯ ಉಳಿಸಿಕೊಂಡು, ಮನೆಯಲ್ಲಿ ಯಾರೊಡನೆಯೂ ಮಾತನಾಡದೆ ಮೂಲೆ ಸೇರಿದ್ದ ಹುಡುಗ, ಅಂದು ತಕ್ಕಡಿಗೆ ಅಡ್ಡ ನಿಂತು, “ಮಾವ, ಅಪ್ಪನ ಗಾಡಿ ಕೊಡಬ್ಯಾಡ್ರಿ. ನಾನು ಓಡಸ್ತೀನಿ” ಎಂದನು. ಆರು ತಿಂಗಳಲ್ಲಿ ಅವನು ಆಡಿದ ಅತಿ ದೊಡ್ಡ ಮಾತು ಅದು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಕಡೆ ತಿರುಗಿ, “ಓಡಸ್ಲಿ. ಆದ್ರ ಹೈವೇಕ್ಕ ಗಾಲಿ ಹಚ್ಚಬಾರದು. ಆ ಜಿಮ್ಮೆ ನಿಂದು, ತಮ್ಮಾ” ಎಂದಳು. ಹೈದರಾಬಾದಿನಿಂದ ಕರ್ನೂಲಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿ ನಮಗೆ ಹತ್ತಿರ. ಅದರ ಮೇಲೆ ಏನೇನು ನಡೆಯುತ್ತದೆಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಹಳೆಯ ಬಂಡಿಯ ಎಲುಬಿಗೆ ಬೇರೊಂದರ ಗುಂಡಿಗೆ ಹಾಕಿ ಓಡಿಸುವುದನ್ನು ಅಮೆರಿಕದವರು ‘ಹಾಟ್ ರಾಡ್’ ಎನ್ನುತ್ತಾರೆ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ತನ್ನ ‘ಟಿ’ ಮಾದರಿಯ ಕಾರುಗಳನ್ನು ಒಂದೂವರೆ ಕೋಟಿಗೂ ಮೀರಿ ಮಾಡಿ ಸುರಿದಿತ್ತು. ಅವು ಹಳತಾಗಿ ಮೂಲೆ ಸೇರಿದಾಗ ಕ್ಯಾಲಿಫೋರ್ನಿಯದ ಬಡ ಹುಡುಗರಿಗೆ ಕೈಗೆಟುಕುವ ಬೆಲೆಗೆ ಸಿಕ್ಕವು. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ, 65 ಅಶ್ವಶಕ್ತಿಯ ಇಂಜಿನ್ನನ್ನು ಸಾಮಾನ್ಯರ ಕಾರಿಗೆ ಕೊಟ್ಟಿತು. ಹುಡುಗರು ಹಳೆಯ ಹಗುರ ಮೈಗೆ ಈ ಹೊಸ ಇಂಜಿನ್ನನ್ನು ಕೂರಿಸಿ, ಮಡ್‌ಗಾರ್ಡು ಮುಂತಾದ ಭಾರವನ್ನೆಲ್ಲ ಕಿತ್ತೊಗೆದು, ಮ್ಯೂರಾಕ್ ಎಂಬಲ್ಲಿಯ ಒಣಗಿದ ಕೆರೆಯಂಗಳದಲ್ಲಿ ಓಡಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸೈನ್ಯದಲ್ಲಿ ಯಂತ್ರವಿದ್ಯೆ ಕಲಿತು ಮರಳಿದ ಯುವಕರಿಂದ ಈ ಹವ್ಯಾಸ ದೇಶಾದ್ಯಂತ ಹಬ್ಬಿತು. ಮೋಜಿನ ಹಿಂದೆ ಇದ್ದುದು ಬಡತನ. ಹೊಸದನ್ನು ಕೊಳ್ಳಲಾರದವನ ಕೈಚಳಕ. ಆದ್ದರಿಂದಲೇ ಅದು ಇಟಿಕ್ಯಾಲದಲ್ಲಿ ಕೂಡ ಅರ್ಥವಾಗುವ ವಿದ್ಯೆ.

ಈಗ ಇಂಜಿನ್ನಿನ ಪ್ರಶ್ನೆ. ರಾಯಚೂರಿನ ಗುಜರಿಯೊಂದರಲ್ಲಿ, ಹಿಂದಿನಿಂದ ಲಾರಿ ಗುದ್ದಿ ಮುದ್ದೆಯಾಗಿದ್ದ ಮಾರುತಿ ಓಮ್ನಿ ವ್ಯಾನೊಂದು ಸಿಕ್ಕಿತು. ಮಾರುತಿ 800 ಕಾರಿನಲ್ಲಿಯೂ ಈ ವ್ಯಾನಿನಲ್ಲಿಯೂ ಇದ್ದುದು ಮೂರು ಸಿಲಿಂಡರಿನ, 796 ಸಿಸಿಯ ಒಂದೇ ಕುಲದ ಇಂಜಿನ್ನು. ಆದರೆ ಕಾರಿನಲ್ಲಿ ಅದು ಅಡ್ಡಲಾಗಿ ಮಲಗಿ ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ವ್ಯಾನಿನಲ್ಲಿ ಉದ್ದಕ್ಕೆ ಮಲಗಿ, ಉದ್ದನೆಯ ದಂಡದ ಮೂಲಕ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಜೀಪಿನ ಕ್ರಮವೂ ಇದೇ. ಆದ್ದರಿಂದ ನಮಗೆ ಬೇಕಾದದ್ದು ವ್ಯಾನಿನದೇ. ಇಂಜಿನ್ನು, ಗೇರುಪೆಟ್ಟಿಗೆ, ರೇಡಿಯೇಟರು ಮೂರನ್ನೂ ಟ್ರಾಲಿಯಲ್ಲಿ ಹೇರಿಕೊಂಡು ಬಂದೆವು. ಹಿಂದಿನ ಅಚ್ಚು, ಮುಂದಿನ ಅಚ್ಚು, ಪಟ್ಟಿಗಳ ಸ್ಪ್ರಿಂಗು, ಹದಿನಾರು ಅಂಗುಲದ ಗಾಲಿಗಳು ಭಾವನವರ ಜೀಪಿನವೇ ಉಳಿದವು.

ಜೋಡಣೆಯಲ್ಲಿ ಅತಿ ಸೂಕ್ಷ್ಮವಾದದ್ದು ಆ ಉದ್ದನೆಯ ದಂಡ. ಅದರ ಒಂದು ತುದಿ ವ್ಯಾನಿನ ಗೇರುಪೆಟ್ಟಿಗೆಗೂ ಇನ್ನೊಂದು ತುದಿ ಜೀಪಿನ ಅಚ್ಚಿಗೂ ಹೊಂದಬೇಕು. ಎರಡು ದಂಡಗಳನ್ನು ಕತ್ತರಿಸಿ ಒಂದು ಮಾಡಿ, ಲೇತಿನ ಮೇಲೆ ತಿರುಗಿಸಿ ನೇರ ನೋಡಬೇಕು. ಕೂದಲೆಳೆಯಷ್ಟು ಓರೆಯಿದ್ದರೂ ಬಂಡಿ ಚಳಿಜ್ವರ ಬಂದಂತೆ ನಡುಗುತ್ತದೆ. ಅಲ್ಲದೆ ತುದಿಗಳಲ್ಲಿರುವ ಅಡ್ಡಗೀಲು ಓರೆಯಾಗಿ ತಿರುಗುವಾಗ ಒಂದು ಸುತ್ತಿನಲ್ಲೇ ವೇಗ ಏರಿ ಇಳಿಯುತ್ತದೆ. ಎರಡೂ ತುದಿಗಳ ಓರೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಹೊಡೆದುಹಾಕುತ್ತದೆ. ಇದನ್ನು ಸರಿಯಿಡಲು ಇಂಜಿನ್ನಿನ ಕಾಲುಗಳ ಕೆಳಗೆ ತಗಡಿನ ತುಂಡುಗಳನ್ನು ಇಟ್ಟು ತೆಗೆದು ನಾಲ್ಕು ದಿನ ಕಳೆದೆವು. ಅಳಿಯ ಇಂಟರ್ ಪುಸ್ತಕದಲ್ಲಿ ಓದಲೊಲ್ಲದ ತ್ರಿಕೋನಮಿತಿಯನ್ನು ಈ ನಾಲ್ಕು ದಿನಗಳಲ್ಲಿ ಬೆನ್ನ ಮೇಲೆ ಮಲಗಿ ಕಲಿತನು.

ಮೈತಗಡು ತುಕ್ಕು ತಿಂದಿತ್ತು. ರಸ್ತೆಯ ಕೆಲಸದವರು ಬಿಟ್ಟುಹೋಗಿದ್ದ ಡಾಂಬರಿನ ಪೀಪಾಯಿಗಳನ್ನು ಸೀಳಿ, ನಮ್ಮೂರಿನ ಕಮ್ಮಾರನ ಮುಂದೆ ಹಾಕಿದೆವು. ಅವನಿಗೆ ವಯಸ್ಸು ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಸುತ್ತಣ ಹಳ್ಳಿಗಳ ಎತ್ತಿನ ಬಂಡಿಗಳಿಗೆಲ್ಲ ಕಬ್ಬಿಣದ ಪಟ್ಟಿ ಕಟ್ಟಿದವನು. ಬಂಡಿಗಳಿಗೆ ರಬ್ಬರು ಟೈರು ಬಂದಾಗ ಅರ್ಧ ಕೆಲಸ ಹೋಯಿತು, ಟ್ರಾಕ್ಟರು ಬಂದಾಗ ಉಳಿದರ್ಧ ಹೋಯಿತು. ಹಿಂದಿನ ಅಚ್ಚಿಗೆ ಹೊಸ ಬೇರಿಂಗು ಕೂರಿಸುವಾಗ ಮೆಕಾನಿಕ್ ಅದನ್ನು ಎಣ್ಣೆಯಲ್ಲಿ ಕಾಯಿಸತೊಡಗಿದ. ಮುದುಕ ನೋಡಿ ನಕ್ಕನು. ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ, ಆರಿದಾಗ ಕುಗ್ಗಿ ಬಿಗಿಯುತ್ತದೆ. ಮರದ ಗಾಲಿಗೆ ಕೆಂಪಗೆ ಕಾದ ಪಟ್ಟಿಯನ್ನು ತೊಡಿಸಿ ನೀರು ಹೊಯ್ಯುತ್ತಿದ್ದ ಅವನಿಗೆ ಈ ಶಾಸ್ತ್ರ ಹಳೆಯದು. ಅಂದಿನಿಂದ ಅವನು ಕರೆಯದೆಯೇ ಬೆಳಗಿನ ಹೊತ್ತು ಹಿತ್ತಲಿಗೆ ಬರತೊಡಗಿದನು.

ಕೆಲಸದ ಭಾಷೆಯ ವಿಚಾರ ಒಂದೆರಡು ಮಾತು ಹೇಳದಿದ್ದರೆ ನಮ್ಮ ಸಂಘದವರು ಒಪ್ಪಲಾರರು. ಬಿಡಿಭಾಗಗಳ ಹೆಸರು ಇಂಗ್ಲಿಷು, ಮೆಕಾನಿಕ್ ಆಡುವುದು ದಖನಿ, ಕಮ್ಮಾರನದು ತೆಲುಗು, ಅವ್ವನದೂ ಅಕ್ಕನದೂ ಕನ್ನಡ. ‘ಪಾನಾ’ ಎಂದರೆ ನಾಲ್ವರೂ ಕೈ ನೀಡುತ್ತಿದ್ದರು. ಯಾವ ಮಾತು ಯಾರದೆಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಅವ್ವ ಮಾತ್ರ ಕಟ್ಟೆಯ ಮೇಲೆ ಕುಳಿತು, “ಎತ್ತಿಲ್ಲ, ನೊಗ ಇಲ್ಲ, ಇದೇನು ಬಂಡಿ ಆದೀತೋ” ಎಂದು ಅಚ್ಚ ಕನ್ನಡದಲ್ಲಿ ಸಂದೇಹ ಪಡುತ್ತಿದ್ದಳು.

2009ರ ಅಕ್ಟೋಬರಿನಲ್ಲಿ ನದಿಗಳೆರಡೂ ಉಕ್ಕಿ ಬಂದಾಗ ಹೊಳೆಯಂಚಿನ ಪಂಪುಗಳು ಹೂಳಿನಲ್ಲಿ ಮುಳುಗಿದ್ದವು. ಅಂಥ ಒಂದು ಪಂಪಿನ ಎಣ್ಣೆಯ ಟಾಕಿ ನಮ್ಮ ಕೊಟ್ಟಿಗೆಯಲ್ಲಿತ್ತು. ಒಳಗಿನ ತುಕ್ಕು ತೆಗೆಯಲು ಹರಳುಕಲ್ಲು, ಸರಪಣಿಯ ತುಂಡು, ಸೀಮೆಎಣ್ಣೆ ಹಾಕಿ ಎರಡು ದಿನ ಅಲ್ಲಾಡಿಸಿದೆವು. ತೂತು ಬೆಸೆಯುವ ಮೊದಲು ಟಾಕಿಯನ್ನು ತೊಳೆದು ನೀರು ತುಂಬಿಸಬೇಕು. ಖಾಲಿ ಟಾಕಿಯಲ್ಲಿ ಉಳಿದ ಆವಿಗೆ ಕಿಡಿ ತಾಗಿದರೆ ಅದು ಬಾಂಬಿನಂತೆ ಸಿಡಿಯುತ್ತದೆ. ಈ ಮಾತನ್ನು ಓದುಗರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ನೆನಪಿಡಬೇಕು.

ಎಲ್ಲವನ್ನೂ ಗುಜರಿಯಿಂದ ತರಬಹುದು. ಮೂರನ್ನು ಮಾತ್ರ ತರಬಾರದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು: ಬ್ರೇಕಿನ ರಬ್ಬರು ಮತ್ತು ಕೊಳವೆಗಳು, ಸ್ಟಿಯರಿಂಗಿನ ಕೀಲುಗಳು, ಟೈರುಗಳು. ಹಾಟ್ ರಾಡಿನ ಹುಡುಗರೂ ಇದನ್ನು ಬಲ್ಲವರಾಗಿದ್ದರು. ಫೋರ್ಡ್ ಕಾರುಗಳಿಗೆ 1939ರಲ್ಲಿ ದ್ರವದೊತ್ತಡದ ಬ್ರೇಕು ಬಂದೊಡನೆ, ಅವರು ತಮ್ಮ ಹಳೆಯ ಬಂಡಿಗಳ ಸರಳು ಬ್ರೇಕುಗಳನ್ನು ತೆಗೆದು ಇವನ್ನು ಹಾಕಿಕೊಂಡರು. ಓಡುವ ಶಕ್ತಿ ಹೆಚ್ಚಿದಂತೆ ನಿಲ್ಲುವ ಶಕ್ತಿಯೂ ಹೆಚ್ಚಬೇಕು. ನಮ್ಮ ಒಟ್ಟು ಖರ್ಚು 41,000 ರೂಪಾಯಿಯಲ್ಲಿ ಹೆಚ್ಚಿನ ಪಾಲು ಈ ಮೂರಕ್ಕೇ ಹೋಯಿತು.

ಇಂಜಿನ್ನು ಹತ್ತಿದ ದಿನ ಊರಿನ ಅರ್ಧ ಜನ ಹಿತ್ತಲಲ್ಲಿದ್ದರು. ಅಂದು ಸಂಜೆಯೇ ಜಗಳವೂ ಹತ್ತಿತು. “ಮಾವ, ಒಂದ್ಸಲ ಬೀಚುಪಲ್ಲಿ ಹಣಮಪ್ಪನ ಗುಡಿಗೆ ಹೋಗಿ ಕಾಯಿ ಒಡಸ್ಕೊಂಡು ಬರಾಣ” ಎಂದ ಅಳಿಯ. ಬೀಚುಪಲ್ಲಿಯ ಗುಡಿ ಕೃಷ್ಣೆಯ ದಡದಲ್ಲಿ, ಹೆದ್ದಾರಿಯ ಸೇತುವೆಯ ಪಕ್ಕದಲ್ಲಿದೆ. ಅಕ್ಕ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ನಾವು ಅವನಿಗೆ ಅಮ್ಮನ ಮಾತನ್ನು ನೆನಪಿಸಲಿಲ್ಲ. ಕಾಯಿದೆಯನ್ನು ಓದಿ ಹೇಳಿದೆವು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳು ಬದಲಾಗುವಂತೆ ಬಂಡಿಯನ್ನು ಮಾರ್ಪಡಿಸಲಾಗದು. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಉತ್ತರದ ಕಡೆ ಪಂಪಿನ ಇಂಜಿನ್ನು ಕಟ್ಟಿ ಓಡಿಸುವ ‘ಜುಗಾಡ್’ ಬಂಡಿಗಳೂ ಮೋಟಾರು ವಾಹನಗಳೇ, ಅವಕ್ಕೂ ಕಾಯಿದೆ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ 2013ರಲ್ಲಿ ಹೇಳಿತ್ತು. ಜನರಿಗೆ ಓಡಾಡುವ ಹಕ್ಕಿರುವ ದಾರಿಯೆಲ್ಲ ಕಾಯಿದೆಯ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಹೊಲಕ್ಕೆ ಹೋಗುವ ಬಂಡಿದಾರಿಯೂ ಅದರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದೇ ಬಂಡಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಏರ್ಪಾಡುಂಟು. ನಮ್ಮಲ್ಲಿ ಕಾರ್ಖಾನೆಯ ಮಾದರಿಯನ್ನು ಪರೀಕ್ಷಿಸುವ ದಾರಿಯಿದೆ. ಹಿತ್ತಲಿನ ಬಂಡಿಗೆ ಅದು ಸಾಗುವ ದಾರಿಯಲ್ಲ.

“ಹಂಗಾದ್ರ ಯಾಕ ಕಟ್ಟಿದ್ವಿ?” ಎಂದು ಕೇಳಿ ಅವನು ಎದ್ದುಹೋದನು. ಎಂಟು ದಿನ ಮತ್ತೆ ಹಳೆಯ ಮೌನ. ಕೀಲಿಕೈಯನ್ನು ನಾವು ಬಚ್ಚಿಡಲಿಲ್ಲ. ಗೋಡೆಯ ಗೂಟಕ್ಕೇ ತೂಗುಹಾಕಿದ್ದೆವು. ಆ ಎಂಟು ರಾತ್ರಿ ಅಕ್ಕನಿಗೂ ನಮಗೂ ನಿದ್ದೆ ಬಂದಿತೆಂದು ಹೇಳಲಾರೆವು. ಒಂಬತ್ತನೆಯ ಬೆಳಿಗ್ಗೆ ಹಿತ್ತಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅವನು ಬ್ರೇಕಿನ ಕೊಳವೆಯಲ್ಲಿ ಗಾಳಿ ನಿಂತಿದೆಯೆಂದು ಕಮ್ಮಾರನನ್ನು ಪೆಡಲಿನ ಮೇಲೆ ಕೂರಿಸಿ, ಗಾಲಿಯ ಬಳಿ ಮಲಗಿ ಗಾಳಿ ಬಿಡಿಸುತ್ತಿದ್ದನು. ಮೇಲೆ ನೋಡದೆಯೇ, “ಹತ್ತಿ ಕಟ್ಟಿಗಿ ಕಿತ್ತ ಮ್ಯಾಲೆ ನಮ್ಮ ಹೊಲ ಖಾಲಿ ಇರತದಲ್ಲ, ಮಾವ?” ಎಂದು ಕೇಳಿದನು.

ಅಮೆರಿಕದವರೂ ಇದೇ ತೀರ್ಮಾನಕ್ಕೆ ಬಂದಿದ್ದರು. ಬೀದಿಯಲ್ಲಿ ಓಡಿಸಿ ಸತ್ತವರನ್ನೂ ಕೊಂದವರನ್ನೂ ಕಂಡ ಮೇಲೆ, ಹುಡುಗರನ್ನು ಬೀದಿಯಿಂದ ಬಿಡಿಸಿ ಬಯಲಿಗೆ ಕರೆದೊಯ್ಯಲು ಹಿರಿಯರು ಸಂಘಗಳನ್ನು ಬೆಳೆಸಿದರು. 1949ರಿಂದ ಬಾನೆವಿಲ್ಲಿನ ಉಪ್ಪಿನ ಬಯಲಿನಲ್ಲಿ ಸ್ಪರ್ಧೆ ನಡೆಯಿತು. 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಸ್ಥೆ ಹುಟ್ಟಿತು. ಅವರಿಗೆ ಉಪ್ಪಿನ ಬಯಲು. ನಮಗೆ ನಾಲ್ಕೆಕರೆ ಎರೆಹೊಲ. ಬಂಡಿಯನ್ನು ಟ್ರಾಲಿಯ ಮೇಲೇರಿಸಿ ಹೊಲಕ್ಕೆ ಒಯ್ದೆವು. ಅಳಿಯ ಎರಡನೆಯ ಗೇರಿನಲ್ಲಿ ಬದುವಿನಿಂದ ಬದುವಿಗೆ ಹೋಗಿ, ಹೊರಳಿ, ಬ್ರೇಕು ತುಳಿದು, ಅಕ್ಕನ ಮುಂದೆ ಮೂರು ಮಾರು ದೂರದಲ್ಲಿ ನಿಲ್ಲಿಸಿದನು. ಅವಳು ಮಾತನಾಡದೆ ಹತ್ತಿ, ಗಂಡನ ಕಾಲದಲ್ಲಿ ತಾನು ಕೂರುತ್ತಿದ್ದ ಎಡಬದಿಯ ಜಾಗದಲ್ಲೇ ಕುಳಿತಳು.

2021ರ ಕೊನೆಯಲ್ಲಿ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ದತ್ತಾತ್ರೇಯ ಲೋಹಾರ ಎಂಬವರು ಮಗನ ಆಸೆಗಾಗಿ ಗುಜರಿಯ ಭಾಗಗಳಿಂದ ಪುಟ್ಟ ಜೀಪು ಕಟ್ಟಿದ ಸುದ್ದಿ ದೇಶವೆಲ್ಲ ಹಬ್ಬಿತ್ತು. ಕಾಯಿದೆಗೆ ಒಪ್ಪದ ಆ ಬಂಡಿಯನ್ನು ಪಡೆದು ಮಹೀಂದ್ರ ಕಂಪನಿ ಅವರಿಗೆ ಹೊಸ ಬೊಲೆರೊ ಕೊಟ್ಟಿತು. ಅಂಥ ಭಾಗ್ಯ ನಮಗೆ ಬೇಕಿಲ್ಲ. ಬಂದರೂ ಅಳಿಯ ಬಂಡಿಯನ್ನು ಬಿಟ್ಟುಕೊಡಲಾರ. ಅವನು ಈಗ ಐ.ಟಿ.ಐ.ಯಲ್ಲಿ ಮೋಟಾರು ವಿಭಾಗ ಸೇರಿದ್ದಾನೆ. ಹೋಗಿ ಬರುವುದು ಬಸ್ಸಿನಲ್ಲಿ. ಉಳಿದ ಎರಡು ವಿಷಯಗಳಲ್ಲಿ ಒಂದು ತೇರ್ಗಡೆಯಾಗಿದೆ, ಇನ್ನೊಂದು ಹಾಗೆಯೇ ಇದೆ. ಬಂಡಿ ವರ್ಷದಲ್ಲಿ ಹತ್ತು ತಿಂಗಳು ನೆರಳಿನಲ್ಲಿ ನಿಂತು, ಎರಡು ತಿಂಗಳು ಹೊಲದಲ್ಲಿ ಓಡುತ್ತದೆ. ಕೋಳಿಗಳಿಗೆ ಮಾತ್ರ ಬೇರೆ ಗೂಡು ಕಟ್ಟಿಸಬೇಕಾಗಿ ಬಂತು. ಆ ಖರ್ಚನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.