ಸಹಿ ಯಾರದು?

"ಇದು ನಿಮ್ಮಪ್ಪನ ಸಹಿ ಅಲ್ಲ. ನೀನ ಮಾಡಿದೀ, ಹೌದಿಲ್ಲೋ?"

ಖಾನಾಪುರದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಅಂಕಪಟ್ಟಿ ಹಿಡಿದು ತಲೆತಗ್ಗಿಸಿ ನಿಂತಿದ್ದಳು. ಹಿಂದಿನ ಸಹಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಅಕ್ಷರಗಳು ಚದುರಿದ ಇರುವೆ ಸಾಲಿನಂತಿದ್ದವು. ಗಣಿತದಲ್ಲಿ ಅಂಕ ಬೇರೆ ಕಡಿಮೆ. ಗುರುಗಳಿಗೆ ಸಂಶಯ ಬಂದದ್ದು ಸಹಜವೇ.

ಮರುದಿನ ಅಪ್ಪನೇ ಶಾಲೆಗೆ ಬಂದ. ನಸುಕಿನಲ್ಲೇ ಬಸ್ಸು ಹಿಡಿದು ಬೆಳಗಾವಿಯ ಹೋಟೆಲೊಂದಕ್ಕೆ ಅಡಿಗೆ ಕೆಲಸಕ್ಕೆ ಹೋಗುವವನು. ಬೆಳಗಾವಿಗೆ ಹೆಸರು ತಂದ ಕುಂದಾ ಮಾಡುವುದರಲ್ಲಿ ಆತನದು ಪಳಗಿದ ಕೈ. ಹಾಲು ಬತ್ತಿ ಗಟ್ಟಿಯಾಗುವತನಕ ತಳ ಹಿಡಿಯದಂತೆ ತಿರುವುತ್ತಲೇ ಇರಬೇಕು. ಹಾಲು ಬತ್ತಿದಷ್ಟೂ ಸಟ್ಟುಗ ಭಾರ. ಅದು ಮುಗಿದರೆ ಈರುಳ್ಳಿ ಹೆಚ್ಚುವುದು, ಪಾತ್ರೆ ಎತ್ತಿ ಬಸಿಯುವುದು.

"ಸಹಿ ನಂದ ಐತ್ರಿ ಸರ. ಪೆನ್ನ ಹಿಡಿಯಾಕ ಆಗವಲ್ದು," ಎಂದು ಬಲಗೈ ಚಾಚಿದ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಅಂಚಿಗೆ ಬಾವು. ನಾಲ್ಕು ತಿಂಗಳ ನೋವು, ಮನೆಯಲ್ಲಿ ಹೇಳಿರಲಿಲ್ಲ. ರಜೆ ಹಾಕಿದರೆ ಪಗಾರ ಕಡಿತ, ಪಗಾರ ಕಡಿಮೆಯಾದರೆ ಮಗಳ ಟ್ಯೂಷನ್ ನಿಲ್ಲುತ್ತದೆ.

ಗುರುಗಳು ತಾವೇ ಆತನನ್ನು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಕೈಯನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ಆತ ಚೀರಿಬಿಟ್ಟ. ಹೆಬ್ಬೆರಳನ್ನು ಆಡಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಕೊಳವೆಯ ಮೂಲಕ ಹಾಯುತ್ತವೆ. ಹಗಲಿಡೀ ಬಿಗಿಹಿಡಿದು ತಿರುವುತ್ತಿದ್ದರೆ ಕೊಳವೆಯ ಪೊರೆ ದಪ್ಪವಾಗಿ, ರಜ್ಜುಗಳು ಸರಾಗವಾಗಿ ಜಾರುವುದಿಲ್ಲ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೈನ್ ಅವರ ಹೆಸರೇ ರೋಗಕ್ಕೂ ಬಂದಿದೆ. ಕೂಸು ಎತ್ತಿ ಎತ್ತಿ ಬಾಣಂತಿಯರಿಗೂ ಬರುವುದುಂಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಇದೂ ಇದೆ. ಇದು ಮೈಗಳ್ಳನ ನೆಪವಲ್ಲ, ದುಡಿಮೆಯೇ ತಂದಿತ್ತ ಬೇನೆ.

ಹೆಬ್ಬೆರಳು ಅಲುಗದಂತೆ ಪಟ್ಟಿ, ಕೆಲವು ವಾರ ವಿಶ್ರಾಂತಿ. ಬಗ್ಗದಿದ್ದರೆ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಸಣ್ಣ ಶಸ್ತ್ರಕ್ರಿಯೆ. "ಮೊದಲೇ ಬಂದಿದ್ದರೆ ಸುಲಭವಿತ್ತು," ಎಂದರು ವೈದ್ಯರು. ಹೋಟೆಲಿನ ಮಾಲೀಕ ಮೊದಲು ಗೊಣಗಿದ. ವೈದ್ಯರ ಚೀಟಿ ನೋಡಿ ಹಾಲಿನ ಲೆಕ್ಕ ಬರೆಸಿಕೊಳ್ಳುವ ಕೆಲಸಕ್ಕೆ ಹಚ್ಚಿದ. ಮುಂದೆ ಕಡಾಯಿಯ ಮುಂದೆ ಇಬ್ಬರು ಸರದಿಯ ಮೇಲೆ ನಿಲ್ಲುವಂತಾಯಿತು. ಸಟ್ಟುಗದ ತೆಳು ಹಿಡಿಕೆಗೆ ಮಗಳು ಹಳೆಯ ಧೋತರದ ಚೂರು ಸುತ್ತಿ ದಪ್ಪ ಮಾಡಿಕೊಟ್ಟಳು.

"ನೀ ಯಾಕ ಹೇಳಲಿಲ್ಲ ಅಪ್ಪಾ?"

"ನೀನೂ ಗಣಿತದಾಗ ಕಡಿಮಿ ಬಿದ್ದದ್ದು ಎಂಟು ದಿನ ಹೇಳಿದ್ದಿಲ್ಲಲ್ಲವಾ?"

ಇಬ್ಬರೂ ನಕ್ಕರು.

ಮುಂದಿನ ಅಂಕಪಟ್ಟಿಯ ಸಹಿಯೂ ತುಸು ಸೊಟ್ಟಗೇ ಇತ್ತು. ಆದರೆ ಅದು ಆಕೆಗೆ ಅಂಕಪಟ್ಟಿ ಸಿಕ್ಕ ದಿನವೇ ಬಿದ್ದ ಸಹಿ.