ಸುತ್ತು ಬರುವವರಿಲ್ಲದ ಸ್ತೂಪ

ನಾವು ಚಿಕ್ಕವರಿದ್ದಾಗ ಕನಗನಹಳ್ಳಿಯಲ್ಲಿ ಸ್ತೂಪವಿರಲಿಲ್ಲ, ದಿಬ್ಬವಿತ್ತು. ಭೀಮಾ ದಂಡೆಯ ಎರೆ ಹೊಲಗಳ ನಡುವೆ ತನ್ನ ಪಾಡಿಗೆ ತಾನಿದ್ದ ಆ ದಿಬ್ಬದ ಹತ್ತಿರ ದನ ಕಾಯುವ ಹುಡುಗರು ಬುತ್ತಿ ಬಿಚ್ಚುತ್ತಿದ್ದರು. ಪಕ್ಕದ ಸನ್ನತಿಯ ಚಂದ್ರಲಾಂಬೆಗೆ ನಡೆದುಕೊಂಡೇ ಹೋಗುತ್ತಿದ್ದ ಅವ್ವಂದಿರಿಗೆ ಯಾವ ಗಡಿಬಿಡಿಯೂ ಇರಲಿಲ್ಲ. ಗುಡಿ ಸುತ್ತುವಾಗ ಕೈ ಗೋಡೆ ಸವರುತ್ತಿತ್ತು, ಬಾಯಲ್ಲಿ ಹಾಡಿರುತ್ತಿತ್ತು.

1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲೇ ಇದ್ದ ಕಾಳಿ ಗುಡಿಯ ಮಾಳಿಗೆ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. 1994ರಲ್ಲಿ ನಮ್ಮ ದಿಬ್ಬವನ್ನೂ ಅಗೆಯಲು ಶುರುಮಾಡಿದರು. ಒಳಗಿದ್ದದ್ದು ಅಧೋಲೋಕ ಮಹಾಚೈತ್ಯವೆಂಬ ಬೌದ್ಧ ಸ್ತೂಪ! ಅದರ ಒಂದು ಚಪ್ಪಡಿಯಲ್ಲಿ ಪರಿವಾರದ ನಡುವೆ ರಾಣಿಯೊಂದಿಗೆ ನಿಂತ ಅಶೋಕ; ಬ್ರಾಹ್ಮಿಯಲ್ಲಿ 'ರಾಯಾ ಅಸೋಕೋ' ಎಂದು ಅವನ ಹೆಸರು. ಅಗೆಯದೇ ಹೋಗಿದ್ದರೆ ಇದನ್ನೆಲ್ಲ ಯಾರು ನೋಡುತ್ತಿದ್ದರು? ಆ ಋಣ ದೊಡ್ಡದು.

ಆದರೂ ಹೊಟ್ಟೆಯಲ್ಲೊಂದು ಸಂಕಟ: ಅದನ್ನು ಸುತ್ತು ಬರುವವರಿಲ್ಲ. ಸ್ತೂಪಕ್ಕೆ ಒಳಹೊಕ್ಕುವ ಬಾಗಿಲಿಲ್ಲ, ಗರ್ಭಗುಡಿಯಿಲ್ಲ. ದುಂಡನೆಯ ವೇದಿಕೆ, ಅದರ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಅಂಡ, ನೆತ್ತಿಯಲ್ಲಿ ಹರ್ಮಿಕೆಯೆಂಬ ಚೌಕ ಕಟಕಟೆ, ಅದಕ್ಕೊಂದು ಛತ್ರ. ಕೃಷ್ಣಾ ಕಣಿವೆಯ ಸ್ತೂಪಗಳಲ್ಲಿ ನಾಲ್ಕು ದಿಕ್ಕಿಗೂ ಆಯಕವೆಂಬ ಮುಂಚಾಚಿದ ಜಗಲಿ, ಅದರ ಮೇಲೆ ಐದೈದು ಕಂಬ, ಬುದ್ಧನ ಬಾಳಿನ ಐದು ಘಟನೆಗಳ ಗುರುತು: ಹುಟ್ಟು, ಮನೆ ಬಿಟ್ಟದ್ದು, ಬೋಧಿ, ಮೊದಲ ಉಪದೇಶ, ಪರಿನಿರ್ವಾಣ. ಸುಣ್ಣಗಲ್ಲಿನ ಚಪ್ಪಡಿಗಳ ಮೇಲೆ ಜಾತಕ ಕಥೆಗಳು. ಬುದ್ಧನಿರಬೇಕಾದಲ್ಲಿ ಖಾಲಿ ಪೀಠ, ಬೋಧಿವೃಕ್ಷ, ಪಾದದ ಗುರುತು. ಬಲಕ್ಕೆ ಸುತ್ತುತ್ತ ಹೋದಂತೆ ಒಂದಾದಮೇಲೊಂದು ಕಣ್ಣಿಗೆ ಬೀಳಲೆಂದೇ ಅವುಗಳನ್ನು ಜೋಡಿಸಿದ್ದರು. ನಿಂತಲ್ಲೇ ನಿಂತವನಿಗೆ ಸ್ತೂಪ ದಕ್ಕುವುದಿಲ್ಲ.

ಈಗ ಕಾರಿನಲ್ಲಿ ಬರುವವರು ಅಶೋಕನ ಕಲ್ಲು ಎಲ್ಲಿದೆ ಎಂದು ಕೇಳುತ್ತಾರೆ, ಮೊಬೈಲಿನಲ್ಲಿ ಫೋಟೊ ಹಿಡಿದು ಹೊರಟುಬಿಡುತ್ತಾರೆ. ಅವರನ್ನಷ್ಟೇ ಅಂದು ಏನು ಮಾಡುವುದು? ಒಡೆದ ಚಪ್ಪಡಿಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ನೆಲದ ಮೇಲೆ ಬಿದ್ದಿದ್ದವು. ಎರಡು ಸಾವಿರ ವರ್ಷದ ಕೆತ್ತನೆಯ ಮೇಲೆ ಹಕ್ಕಿಯ ಹಿಕ್ಕೆ ಒಣಗಿದ್ದನ್ನು ಕಂಡು ಕರುಳು ಚುರುಕ್ ಎಂದಿತ್ತು. ಅಮರಾವತಿಯ ಕಲ್ಲುಗಳು ಚೆನ್ನೈಗೂ ಲಂಡನ್ನಿಗೂ ಹಂಚಿಹೋದವು. ನಮ್ಮವು ಊರಲ್ಲೇ ಉಳಿದಿವೆ, ಆದರೆ ಎಲ್ಲವೂ ತಂತಮ್ಮ ಜಾಗದಲ್ಲಿಲ್ಲ. ಸ್ತೂಪವನ್ನು ಮತ್ತೆ ನಿಲ್ಲಿಸುವವರಲ್ಲಿ ನನ್ನದೊಂದೇ ಬೇಡಿಕೆ: ಬೇಲಿ ಹಾಕಿ, ಕಾವಲಿಡಿ, ಆದರೆ ಪ್ರದಕ್ಷಿಣೆಯ ಹಾದಿಯನ್ನು ಮುಚ್ಚಬೇಡಿ. ನಮ್ಮ ಮಕ್ಕಳು ಒಮ್ಮೆಯಾದರೂ ಅದನ್ನು ಪೂರ್ತಿ ಸುತ್ತು ಬರಲಿ.